ಬಿಳಿ ಹಾಳೆಯ ಚೆಕ್ಕು

ಎರಡು ಲಕ್ಷದ ವ್ಯವಹಾರ. ರೈತರಿಗೆ ದಿನದ ದರ ತೋರಿಸಲು ನಮ್ಮ ಮೆಣಸಿನಕಾಯಿ ವರ್ತಕರ ಸಂಘ ನಿರಂಜನನಿಂದ ವೆಬ್‌ಸೈಟ್ ಮಾಡಿಸಿತು. ಪುಟ ತುಂಬಿಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಓಡದ ಹಳೇ ಫೋನುಗಳಲ್ಲಿ ಅದು ಬರೀ ಬಿಳಿ ಪುಟ.

"ದರ ಅಷ್ಟ ಸಾದಾ ಅಕ್ಷರದಾಗ ಹಾಕ್ರಿ," ಎಂದಳು ಸಂಘದ ಗುಮಾಸ್ತೆ ನೀಲವ್ವ.

"ಹೊಸ ಫೋನ್ ತಗೊಳ್ಳೋಕೆ ಹೇಳಮ್ಮ," ಎಂದು ನಕ್ಕ ನಿರಂಜನ.

ಮೂರು ತಿಂಗಳಾದ ಮೇಲೆ ದುಡ್ಡು ಕೇಳಲು ಬಂದ. ನೀಲವ್ವ ಒಂದು ಖಾಲಿ ಹಾಳೆ ಕೊಟ್ಟಳು. "ಚೆಕ್ಕು ಇದರಾಗ ಐತ್ರಿ. ಕಾಣಲಿಲ್ಲಂದ್ರ ಹೊಸ ಕನ್ನಡಕ ತಗೋರಿ."

ನಿರಂಜನ ಕೂಗಾಡಿದ. ಯಾರೂ ಏಳಲಿಲ್ಲ. ಕೊನೆಗೆ ಅಲ್ಲೇ ಕೂತು ಅರ್ಧ ಗಂಟೆಯಲ್ಲಿ ಸರಿಮಾಡಿದ. ದರ ಎಲ್ಲ ಫೋನಿನಲ್ಲೂ ಕಂಡಿತು. ನಾವೆಲ್ಲ ನೀಲವ್ವನಿಗೆ ಚಪ್ಪಾಳೆ ತಟ್ಟಿದೆವು.

ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು. ದರ ತಿಳಿಯದ ರೈತರು ಅಗ್ಗಕ್ಕೆ ಮಾರಿ ಹೋಗಿದ್ದರಿಂದ ವರ್ತಕರಾದ ನಮಗೆ ಉಳಿದ ಲಾಭ ಹನ್ನೊಂದು ಲಕ್ಷ.