ಕುದುರಿ ಮರಿಗೆ ಕಟ್ಟಿದ ಗಂಟಿ

ಕೇಳ್ರಿಲ್ಲೆ, ನಂಬ್ತೀರೋ ಬಿಡ್ತೀರೋ, ನಮ್ಮ ಅಡವ್ಯಾಗ ಮೊನ್ನಿ ಆಗಬಾರದ್ದೊಂದು ಆಗೇತಿ. ಹೆತ್ತ ತಾಯಿ ಕುದುರಿ ತನ್ನ ಮರಿ ಬರೂದು ಕಂಡು ಓಡಿಹೋತು! ಮರಿ ಬೆನ್ನ ಹತ್ತಿದಷ್ಟೂ ತಾಯಿ ಓಡೂದ ಓಡೂದು. ಇರ್ರಿ, ಮೊದಲಿಂದ ಹೇಳ್ತೀನಿ.

ಕುರಿ ಕಾಯೋ ಅಮೋಗೆಪ್ಪಜ್ಜ ಅಂತ ಒಬ್ಬಾಂವ. ಅವನ ಮೊಮ್ಮಗಳು ಮಾಳವ್ವ, ಇನ್ನಾ ಸಣ್ಣ ಹುಡುಗಿ. ಅವರ ಹುಲ್ಲುಗಾವಲದಾಗ ಕಾಡುಕುದುರಿ ಹಿಂಡೊಂದಿತ್ತು. ಮನಷ್ಯಾರ ನೆರಳು ಬಿದ್ರ ಸಾಕು, ಗಾಳಿ ಆಗಿಬಿಡ್ತಿದ್ವು. ಈ ಸಲ ಹೊಳಿ ಏರಿ ಅವು ನಡುಗಡ್ಡ್ಯಾಗ ಸಿಕ್ಕೊಂಡ್ವು. ಊರ ಮಂದಿ ಹಗ್ಗ ಹಾಕಿ ಎಳೆದು ದಂಡಿಗೆ ತಂದು, ಅಜ್ಜನ ಕುರಿ ಹಟ್ಟ್ಯಾಗ ಕೂಡಿಹಾಕಿದ್ರು.

ಮಾಳವ್ವಗ ಊಟದ ಹಂಬಲ ಹೋತು, ಆಟದ ಹಂಬಲ ಹೋತು. ಹುಲ್ಲು ತರೂದು, ನೀರು ತುಂಬೂದು. ಕುದುರಿ ಮಾತ್ರ ಅಕೀನ್ನ ಕಂಡ್ರೂ ನಡುಗಾವು. ಸಂಜಿಕ ಕುರಿ ಹಿಂಡು ಗಂಟಿ ಬಾರಿಸ್ಕೋತ ಬಂತಂದ್ರಂತೂ ಎಲ್ಲಾ ಮೂಲ್ಯಾಗ ಒತ್ತಿ ನಿಲ್ಲಾವು. ಮೈಯಾಗ ಕಸುವು ಬಂದ ಮ್ಯಾಲೆ ಅಜ್ಜ ಬೇಲಿ ಸರಿಸಿ ಅವನ್ನ ಬಿಟ್ಟ. ಒಂದು ಮರಿ ಅಷ್ಟ ಉಳೀತು. ಅದರ ಕಾಲು ಕಲ್ಲಿಗೆ ಬಡದು ಬಾತಿತ್ತು. ಮಾಳವ್ವ ಬಿಸಿನೀರಾಗ ಅರಿಶಿಣ ಕಲಸಿ ಹಚ್ಚಿ, ಅದರ ಬಾಜೂಕ ಮಲಗ್ತಿದ್ಲು. ದಿನಾ ಸಂಜಿಕ ತಾಯಿ ದಿನ್ನಿ ಮ್ಯಾಲೆ ಬಂದು ಕೆನೀತಿತ್ತು. ಮರಿ ಒಳಗಿಂದ ಓಗೊಡ್ತಿತ್ತು.

ಮರಿ ಕಾಲು ನೆಟ್ಟಗಾತು. ನಾಳೆ ಬಿಡೂಣು ಅಂದ ಅಜ್ಜ. ನಮ್ಮದೇನೂ ಅದರ ಮೈಮ್ಯಾಲೆ ಇರಬಾರದು, ಒಂದು ದಾರ ಸೈತ ಬ್ಯಾಡ ಅಂತ ಹೇಳಿದ.

ಮಾಳವ್ವನ ಜೀವ ತಡೀಲಿಲ್ಲ. ಅವರ ಮನ್ಯಾಗ ಒಂದು ರೂಢಿ: ಯಾವ ಕುರಿಮರಿ ಮ್ಯಾಲೆ ಜೀವ ಐತೋ ಅದರ ಕೊಳ್ಳಾಗ ಗಂಟಿ ಕಟ್ಟೂದು. ಗಂಟಿ ಕೇಳಿದ್ರ ಮರಿ ಸುಖದಾಗೈತಿ, ನಿಶ್ಚಿಂತಿ ನಿದ್ದಿ ಮಾಡು ಅಂತ. ಅಕೀನೂ ಈ ಕುದುರಿ ಮರಿಗೆ ಕಟ್ಟಿದ್ಲು. ಶಾಣ್ಯಾ ಹುಡುಗಿ ನೋಡ್ರಿ, ಸಂಜಿ ಮಬ್ಬಿನ್ಯಾಗ ಅಜ್ಜಗ ಕಾಣಂಗಿಲ್ಲ, ಕೇಳಲೂಬಾರದಂತ ಗಂಟ್ಯಾಗ ಕುರಿ ಉಣ್ಣೆ ತುರುಕಿದ್ಲು. ಓಡುವಾಗ ತಾನ ಉದುರ್ತೈತಿ ಅನ್ನೂ ಲೆಕ್ಕ.

ಸಂಜಿಕ ತಾಯಿ ಕೆನೀತು. ಅಜ್ಜ ಬೇಲಿ ಸರಿಸಿದ. ಮರಿ ಜಿಗಿದು ಓಡ್ತು. ತಾಯೀನೂ ಎದುರಿಗೆ ಓಡಿಬಂತು. ಇನ್ನೇನು ಮೂತಿಗೆ ಮೂತಿ ಹಚ್ಚಬೇಕು, ಉಣ್ಣೆ ಉದುರಿ ಗಂಟಿ ಢಣಢಣ ಅಂತು. ತಾಯಿ ಬೆದರಿ ಹಿಂದಕ್ಕ ಹೊಳ್ಳಿತು. ಗಂಟಿ ಅಂದ್ರ ಅದಕ್ಕ ಹಗ್ಗ, ಬೇಲಿ, ಮನಷ್ಯಾರು. ಮರಿ ಬೆನ್ನ ಹತ್ತಿತು. ಮರಿ ಓಡಿದಷ್ಟೂ ಗಂಟಿ ಜೋರು, ಗಂಟಿ ಜೋರಾದಷ್ಟೂ ತಾಯಿ ದೂರ. ಹಿಂಡಿಗೆ ಹಿಂಡ ದಿನ್ನಿ ದಾಟಿಹೋತು. ಆ ಸಪ್ಪಳ ತನ್ನ ಕೊಳ್ಳಾಗಿಂದ ಬರಾಕತ್ತೈತಿ ಅಂತ ಆ ಕೂಸಿಗೇನು ಗೊತ್ತು? ದಣದು ನಿಂತು, ತಿರುಗಿ ಮಾಳವ್ವನ ಹಂತ್ಯಾಕ ಬಂತು.

ಅಜ್ಜ ಬೈಲಿಲ್ಲ. ಮರಿ ಕೊಳ್ಳಿನ ಗಂಟಿ ಬಿಚ್ಚಿ ನೆಲದ ಮ್ಯಾಲೆ ಇಟ್ಟ.

"ಈಗರ ಬರ್ತೈತೇನಜ್ಜ ಅವರವ್ವ?" ಅಂದ್ಲು ಮಾಳವ್ವ.

"ಕೊಳ್ಳಾಗಿಂದು ಬಿಚ್ಚಿದ್ನೆವ್ವಾ," ಅಂದ ಅಜ್ಜ, "ಅವರವ್ವನ ಕಿವ್ಯಾಗಿಂದು ಹ್ಯಾಂಗ ಬಿಚ್ಚಲಿ?"

ಮರುದಿನ ತಾಯಿ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಹಟ್ಟಿ ಬೇಲಿ ಈಗ ತೆರದ ಐತಿ. ಸಂಜಿ ಆತಂದ್ರ ಮರಿ ದಿನ್ನಿ ಮ್ಯಾಲೆ ಹೋಗಿ ತಾನೊಂದ ನಿಂತು ಕೆನೀತೈತಿ. ಮಾಳವ್ವ ಕೆಳಗ ಕುಂತು ಕೇಳ್ತಾಳ, ಓಗೊಡಾಕ ಅಕಿಗೆ ಬರಂಗಿಲ್ಲ.

ನೀತಿ: ಕಾಪಾಡಿದ ಜೀವ ನಮ್ಮ ಸೊತ್ತಲ್ಲ. ಬಿಡೂದಿದ್ರ ಪೂರ್ತಿ ಬಿಡಬೇಕು, ನಮ್ಮ ಸಮಾಧಾನಕ್ಕ ಅಂತ ಕಟ್ಟಿದ್ದು ಅದಕ್ಕ ಭಾರ ಆಗ್ತೈತಿ.

ಆದ್ರೂ ಖರೇ ಹೇಳ್ರಿ, ಆ ಮರಿ ಹೋಗೂ ಹೊತ್ತಿನ್ಯಾಗ ಗಂಟಿ ನಿಮ್ಮ ಕೈಯಾಗ ಇದ್ದಿದ್ರ, ನೀವೇನು ಮಾಡ್ತಿದ್ರಿ?