ಗಿಳಿಹಸಿರು ಸೀರೆ ಮಾರಿದ ಹುಡುಗಿ

ತಿಪಟೂರಿನ ಕಾಲೇಜಿನಲ್ಲಿ ಓದುತ್ತಿದ್ದ ಭವಾನಿಗೆ ಸಂಜೆ ಹೊತ್ತಿನ ಒಂದು ಕೆಲಸ ಸಿಗದಿದ್ದರೆ ಓದೇ ನಿಲ್ಲುವಂತಿತ್ತು. ಸೀರೆ ಅಂಗಡಿಯ ಗುರುಬಸಪ್ಪ ಗಲ್ಲಾದ ಮುಂದೆ ಮಹಾರಾಜನ ಹಾಗೆ ಕೂತು ಕೇಳಿದ, "ಅನುಭವ ಇದೆಯೇನಮ್ಮಾ?"

"ಇಲ್ಲ ಸಾರ್. ಕೆಲಸ ಕೊಟ್ಟರೆ ಬರುತ್ತೆ."

"ಮಾತೇನೋ ಜೋರಾಗಿದೆ! ಅಗೋ, ಆ ಗಿಳಿಹಸಿರು ಸೀರೆ. ಹಬ್ಬ ಹಬ್ಬಕ್ಕೂ ಬೆಲೆ ಇಳಿಸಿದೆ, ಒಬ್ಬರೂ ಮುಟ್ಟಲಿಲ್ಲ. ಇವತ್ತು ಅದನ್ನು ಮಾರಿ ತೋರಿಸು. ಆಮೇಲೆ ಕೆಲಸದ ಮಾತು," ಎಂದವನೇ ಕಾಫಿಗೆ ಹೋದ.

ಭವಾನಿ ಆ ಸೀರೆಯನ್ನು ಗಾಜಿನ ಬೀರುವಿನಲ್ಲಿ ಒಂಟಿಯಾಗಿಟ್ಟಳು. ಒಂದು ರಟ್ಟಿನ ಮೇಲೆ "ಮಾರಾಟಕ್ಕಿಲ್ಲ" ಎಂದು ದಪ್ಪಗೆ ಬರೆದು ಪಕ್ಕದಲ್ಲಿ ನಿಲ್ಲಿಸಿದಳು.

ಗುರುಬಸಪ್ಪ ವಾಪಸು ಬಂದು, ಅದನ್ನು ನೋಡಿ, ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ನೀಲಮ್ಮ ಒಳಗೆ ಬಂದಳು. ಬಂದವಳ ಕಣ್ಣು ಬೀರುವಿನ ಮೇಲೇ ನೆಟ್ಟಿತು.

"ಯಾರಿಗೆ ಅಂತ ಎತ್ತಿಟ್ಟಿದ್ದೀರಿ ಇದನ್ನ?"

ಗುರುಬಸಪ್ಪ ತಡವರಿಸಿದ, "ನಿ... ನಿನಗೇ ಕಣೇ!"

ನೀಲಮ್ಮನ ಮುಖ ಅರಳಿತು. ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು.

ಭವಾನಿ ಮೆಲ್ಲಗೆ ಕೇಳಿದಳು, "ಬಿಲ್ಲು ಯಾರ ಹೆಸರಿಗೆ ಬರೆಯಲಿ ಸಾರ್?"

ಗುರುಬಸಪ್ಪ ಒಂದು ಗಳಿಗೆ ಅವಳನ್ನೇ ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

"ನನ್ನ ಹೆಸರಿಗೇ ಬರಿ ತಾಯಿ. ನಾಳೆ ಕಾಲೇಜು ಎಷ್ಟು ಹೊತ್ತಿಗೆ ಬಿಡುತ್ತೆ?"