ಕಿತ್ತು ನೆಟ್ಟ ಗೂಟ

ಕುಂಬಾರ ಓಣಿಯ ಹಿರಿಯ ಸಂಗನಬಸಪ್ಪ ಕೆರೆಯೊಳಗೆ ಒಂದು ಗೂಟ ನೆಟ್ಟಿದ್ದ. ಕೆರೆ ಏರಿಯಿಂದ ಇಪ್ಪತ್ತು ಹೆಜ್ಜೆ ಈಚೆಗೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮಡಕೆಯ ಮಣ್ಣನ್ನು ಗೂಟದ ಈಚೆಗಷ್ಟೇ ಅಗೆಯಬೇಕು. ಏರಿಯ ಬುಡದ ಮಣ್ಣು ಬೆಣ್ಣೆಯಷ್ಟು ನುಣುಪು, ನಿಜ. ಆದರೆ ಅದನ್ನು ತೆಗೆದರೆ ಏರಿ ನಿಲ್ಲುವುದಿಲ್ಲ. ಗೂಟ ದಾಟಿದವರ ತಿಗರಿಯನ್ನು, ಮಡಕೆ ಮಾಡುವ ಚಕ್ರವನ್ನು, ಅವರ ಮನೆಯ ಮುಂದೆಯೇ ಮೂರು ತಿಂಗಳು ಬೋರಲು ಹಾಕುವುದು ಓಣಿಯ ಕಟ್ಟಳೆ. ತಿಗರಿ ತಿರುಗದಿದ್ದರೆ ಕುಂಬಾರನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಒಂದು ದಿನ ಶಾಲೆಗೆ ಹೋಗುವ ಮೊಮ್ಮಗಳು ಶಾಂಭವಿ ಕೇಳಿದಳು:

"ಮುತ್ಯಾ, 'ಮಿತಿಗೊಳಿಸು' ಅಂದ್ರ ಏನು?"

"ಇಷ್ಟ ಸಾಕು, ಇನ್ನ ಮುಂದ ಬ್ಯಾಡ ಅಂತ ಹೇಳೋದು."

"ಯಾರಿಗಿ?"

"ಮಂದಿಗಿ!" ಎಂದು ಮುದುಕ ನಕ್ಕ.

ಆ ಬೇಸಿಗೆಯಲ್ಲಿ ವಿಧವೆ ನಾಗವ್ವ ಗೂಟದ ಆಚೆಯಿಂದ ಒಂದು ಬುಟ್ಟಿ ಮಣ್ಣು ತಂದಳು. ಈಚೆಯ ಮಣ್ಣಿನಲ್ಲಿ ಮರಳು ಹೆಚ್ಚಾಗಿ ಅವಳ ಮಡಕೆಗಳೆಲ್ಲ ಬಿರುಕು ಬಿಟ್ಟಿದ್ದವು. ಸಂಗನಬಸಪ್ಪ ತಾನೇ ಹೋಗಿ ಅವಳ ತಿಗರಿಯನ್ನು ಬೋರಲು ಹಾಕಿದ. ಅವಳು ಮೂರು ತಿಂಗಳು ಕಂಡವರ ಹೊಲದಲ್ಲಿ ಕಳೆ ಕಿತ್ತು ಹೊಟ್ಟೆ ಹೊರೆದಳು. ಹಿರಿಯ ಅಂದರೆ ಹೀಗಿರಬೇಕು ಎಂದು ಓಣಿ ಅವನನ್ನು ಹೊಗಳಿತು. ಹೊಗಳಿದವರ ತಿಗರಿಗಳು ನೆಟ್ಟಗಿದ್ದವಲ್ಲ, ಹೊಗಳಿಕೆಗೇನು ಬರ!

ಮರುವರ್ಷ ದೊಡ್ಡ ಮಠದಿಂದ ಸಂಗನಬಸಪ್ಪನಿಗೆ ಸಾವಿರ ಹಣತೆ ಬೇಕೆಂದು ಹೇಳಿಕಳಿಸಿದರು. ನುಣುಪಾದ ಹಣತೆಯೇ ಆಗಬೇಕು. ಅವನು ಗೂಟ ದಾಟಲಿಲ್ಲ. ದಾಟುವಂಥ ಮನುಷ್ಯನೇ ಅಲ್ಲ! ಗೂಟವನ್ನೇ ಕಿತ್ತು ಹತ್ತು ಹೆಜ್ಜೆ ಆಚೆ ನೆಟ್ಟ, ಆಮೇಲೆ ಅದರ ಈಚೆ ಅಗೆದ.

ನಾಗವ್ವ ಓಡಿ ಬಂದಳು. ಅವಳ ಗುಡಿಸಲು ಏರಿಯ ಹಿಂದೆ, ತಗ್ಗಿನಲ್ಲಿತ್ತು.

"ಯಪ್ಪಾ, ಗೂಟ ಇದ್ದಲ್ಲೇ ಇಡ್ರಿ. ಏರಿ ಒಡದ್ರ ಮೊದಲ ಹೋಗೂದು ನಾನು."

"ನೆಟ್ಟಾಂವ ನಾನು. ಎಲ್ಲಿ ನೆಡಬೇಕಂತ ನೀ ಹೇಳಿಕೊಡ್ತೀಯೇನು?"

ಓಣಿಯವರು ನೋಡಿದರು, ತುಟಿ ಬಿಚ್ಚಲಿಲ್ಲ. ಮರುವಾರ ಇನ್ನೊಬ್ಬ ಗೂಟವನ್ನು ಎರಡು ಹೆಜ್ಜೆ ಸರಿಸಿದ. ಆಮೇಲೆ ಮತ್ತೊಬ್ಬ. ಬೇಸಿಗೆ ಮುಗಿಯುವ ಹೊತ್ತಿಗೆ ಗೂಟ ಏರಿಗೇ ಒರಗಿ ನಿಂತಿತ್ತು. ನಾಗವ್ವ ಮಾತ್ರ ಹಳೆಯ ಜಾಗದ ಮರಳುಮಣ್ಣನ್ನೇ ಹೊತ್ತಳು. ಅವಳಿಗೆ ಬೋರಲು ಬಿದ್ದ ತಿಗರಿ ಮರೆತಿರಲಿಲ್ಲ.

ಉತ್ತರೆ ಮಳೆಗೆ ಕೆರೆ ತುಂಬಿತು. ಒಂದು ಬೆಳಿಗ್ಗೆ ಅಗೆದ ಜಾಗದಲ್ಲೇ ಏರಿ ಬಾಯಿಬಿಟ್ಟಿತು. ಗುಡಿಸಲಿನ ಜೊತೆ ನಾಗವ್ವನೂ ಕೊಚ್ಚಿಹೋದಳು. ಎತ್ತರದಲ್ಲಿದ್ದ ಓಣಿಯ ಒಂದು ಹೆಂಚೂ ಅಲುಗಲಿಲ್ಲ.

ಹೆಣ ಮಣ್ಣು ಮಾಡಿ ಬಂದ ಸಂಗನಬಸಪ್ಪ ತನ್ನ ತಿಗರಿಯನ್ನು ತಾನೇ ಬೋರಲು ಹಾಕಿ ಅದರ ಪಕ್ಕದಲ್ಲಿ ಕೂತ. ಯಾರೂ ಅವನನ್ನು ಬೈಯಲಿಲ್ಲ. ಬೈಯಲು ಯಾರ ಕೈ ಶುದ್ಧವಿತ್ತು?

ಆ ತಿಂಗಳು ಶಾಲೆಯಲ್ಲಿ ಪರೀಕ್ಷೆ ಬಂತು. 'ಮಿತಿಗೊಳಿಸು' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ಶಾಂಭವಿ ಬರೆದಳು: "ನಮ್ಮ ಮುತ್ಯಾ ನಾಗವ್ವನ ಗುದ್ದಲಿಯನ್ನು ಮಿತಿಗೊಳಿಸಿದರು, ತಮ್ಮ ಗುದ್ದಲಿಯನ್ನು ಮಿತಿಗೊಳಿಸಲಿಲ್ಲ."

ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ಹುಡುಗಿ ಆ ಹಾಳೆಯನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ನೀತಿ: ಮಿತಿ ಹಾಕುವವನು ಮೊದಲು ತನ್ನ ಕೈಗೆ ಹಾಕಿಕೊಳ್ಳಬೇಕು. ತನಗಾಗಿ ಅವನು ಅದನ್ನು ಸರಿಸಿದರೆ, ಸುಮ್ಮನೆ ನೋಡಿದವರೂ ಸರಿಸುತ್ತಾರೆ; ಪ್ರಾಣ ಹೋಗುವುದು ಮಾತ್ರ ಮಿತಿಯೊಳಗೆ ಉಳಿದವರದು.